ಮನೆ ಕಟ್ಟುವವರು ಮತ್ತು ಮನೆ ಪಡೆಯುವವರು: ಹೈದರಾಬಾದಿನ ಸರ್ಕಾರಿ ವಸತಿಯಲ್ಲಿ ಕಾನೂನಿನ ವ್ಯಾಖ್ಯೆಗಳು

ಸರ್ಕಾರದ ಹಣದಲ್ಲಿ ಬಡವರಿಗೆ ಮನೆ ಕಟ್ಟಿಸುವ ಯಾವುದೇ ಯೋಜನೆಯಲ್ಲಿ ಎರಡು ಬಗೆಯ ಬಡವರು ಒಂದೇ ನೆಲಕ್ಕೆ ಸಂಬಂಧಪಟ್ಟಿರುತ್ತಾರೆ: ಅರ್ಜಿ ಹಾಕಿ ಮನೆಗಾಗಿ ಕಾದಿರುವ ಕುಟುಂಬ ಒಂದು, ಆ ಮನೆಯ ಪಾಯ ತೆಗೆದು ಗೋಡೆ ಎಬ್ಬಿಸುವ ಕೂಲಿಕಾರರ ಕುಟುಂಬ ಇನ್ನೊಂದು. ಮೊದಲನೆಯವರನ್ನು ಕಾನೂನು ‘ಫಲಾನುಭವಿ’ ಎಂದು ಕರೆದರೆ ಎರಡನೆಯವರನ್ನು ‘ಕಟ್ಟಡ ಕಾರ್ಮಿಕ’ ಎಂದು ಕರೆಯುತ್ತದೆ. ಈ ಎರಡು ಪದಗಳಿಗೆ ಶಾಸನಗಳಲ್ಲಿಯೂ ಸರ್ಕಾರಿ ಆದೇಶಗಳಲ್ಲಿಯೂ ಬರೆದಿಟ್ಟಿರುವ ಅರ್ಥವೇ ಯಾರಿಗೆ ಮನೆ, ಯಾರಿಗೆ ಕಲ್ಯಾಣ ನಿಧಿಯ ನೆರವು, ಅಪಘಾತವಾದಾಗ ಯಾರು ಹೊಣೆ ಎಂಬುದನ್ನೆಲ್ಲ ತೀರ್ಮಾನಿಸುತ್ತದೆ. ಕಳೆದ ಒಂದು ದಶಕದಲ್ಲಿ ಹೈದರಾಬಾದಿನಲ್ಲಿ ಸರ್ಕಾರಿ ವಸತಿ ನಿರ್ಮಾಣವು ಬಹು ದೊಡ್ಡ ಪ್ರಮಾಣದಲ್ಲಿ ನಡೆದಿರುವುದರಿಂದಲೂ, ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್ ಕಡೆಯಿಂದ ಗುಳೆ ಹೋಗುವ ಕನ್ನಡಿಗರು ಅಲ್ಲಿನ ಕಟ್ಟಡಗಳಲ್ಲಿ ದುಡಿಯುವುದರಿಂದಲೂ ಈ ವ್ಯಾಖ್ಯೆಗಳ ವಿಚಾರವು ಕನ್ನಡ ಓದುಗರಿಗೆ ಹೊರಗಿನದಲ್ಲ.

ಮನೆಯ ವ್ಯಾಖ್ಯೆ

ಬಡವರಿಗಾಗಿ ಮನೆ ಕಟ್ಟಿಸುವ ಪದ್ಧತಿ ಹೈದರಾಬಾದಿಗೆ ಹೊಸದಲ್ಲ. 1908ರ ಮೂಸಿ ನದಿಯ ಮಹಾಪ್ರವಾಹದ ನಂತರ, 1912ರಲ್ಲಿ ನಿಜಾಮರ ಆಡಳಿತವು ಸ್ಥಾಪಿಸಿದ ನಗರ ಸುಧಾರಣಾ ಮಂಡಳಿಯು ಇಕ್ಕಟ್ಟಾದ ಕೇರಿಗಳನ್ನು ತೆರವುಗೊಳಿಸಿ, ಬಡವರಿಗೂ ಮಧ್ಯಮ ವರ್ಗದವರಿಗೂ ಮನೆಗಳನ್ನು ಕಟ್ಟಿಸಿತು. ಸ್ವಾತಂತ್ರ್ಯದ ನಂತರ ಹಲವು ಯೋಜನೆಗಳು ಬಂದುಹೋದವು. 2014ರಲ್ಲಿ ತೆಲಂಗಾಣ ರಾಜ್ಯವಾದ ಮೇಲೆ, ಅಲ್ಲಿಯವರೆಗೆ ಕಟ್ಟುತ್ತಿದ್ದ ಒಂದು ಕೋಣೆಯ ಮನೆಗಳು ಒಂದು ಸಂಸಾರಕ್ಕೆ ಸಾಲವು ಎಂಬ ವಾದವನ್ನು ಮುಂದಿಟ್ಟು, ಸರ್ಕಾರವು ಎರಡು ಮಲಗುವ ಕೋಣೆಗಳ ಮನೆಯ ಯೋಜನೆಯನ್ನು ಕೈಗೆತ್ತಿಕೊಂಡಿತು. ಜನರ ಬಾಯಲ್ಲಿ ಇದಕ್ಕೆ ‘ಡಬಲ್ ಬೆಡ್‌ರೂಂ’ ಎಂದೇ ಹೆಸರು. ಸಿಕಂದರಾಬಾದಿನ ಭೋಯಿಗುಡದ ಐಡಿಎಚ್ ಕಾಲೊನಿಯಲ್ಲಿ 396 ಮನೆಗಳು ಮೊದಲ ಮಾದರಿಯಾಗಿ 2015ರಲ್ಲಿ ಸಿದ್ಧವಾದವು.

ಆ ವರ್ಷವೇ ಹೊರಬಿದ್ದ ಮಾರ್ಗಸೂಚಿಯ ಪ್ರಕಾರ ಪ್ರತಿ ಮನೆಯ ತಳ ವಿಸ್ತೀರ್ಣ, ಅಂದರೆ ಗೋಡೆಗಳ ದಪ್ಪವೂ ಸೇರಿದ ಅಳತೆ, 560 ಚದರ ಅಡಿ ಇರಬೇಕು. ಎರಡು ಮಲಗುವ ಕೋಣೆ, ಒಂದು ಹಜಾರ, ಅಡುಗೆಮನೆ, ಎರಡು ಶೌಚಾಲಯ ಇರಬೇಕು. ಮನೆಯು ಫಲಾನುಭವಿಗೆ ಪೂರ್ತಿ ಉಚಿತ. ಹಕ್ಕುಪತ್ರವು ಮನೆಯ ಗೃಹಿಣಿಯ ಹೆಸರಿನಲ್ಲಿರುತ್ತದೆ. ಗ್ರೇಟರ್ ಹೈದರಾಬಾದ್ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ನೆಲಮಹಡಿಯ ಮೇಲೆ ಮೂರು ಅಂತಸ್ತಿನವರೆಗಿನ ಕಟ್ಟಡದಲ್ಲಿ ಒಂದು ಮನೆಗೆ 7 ಲಕ್ಷ ರೂಪಾಯಿ, ಅದಕ್ಕಿಂತ ಎತ್ತರದ ಕಟ್ಟಡದಲ್ಲಿ 7.90 ಲಕ್ಷ ರೂಪಾಯಿ ನಿರ್ಮಾಣ ವೆಚ್ಚವನ್ನು ನಿಗದಿಪಡಿಸಿ, ರಸ್ತೆ, ನೀರು, ಒಳಚರಂಡಿಯ ವೆಚ್ಚವನ್ನು ಬೇರೆಯಾಗಿ ಇಟ್ಟುಕೊಳ್ಳಲಾಯಿತು. ನಗರಕ್ಕೆ ಸುಮಾರು ಒಂದು ಲಕ್ಷ ಮನೆಗಳ ಗುರಿಯಿತ್ತು. ಅವುಗಳಲ್ಲಿ ಅತಿ ದೊಡ್ಡ ಬಡಾವಣೆಯು ಆಗಿನ ಪಾಲಿಕೆಯ ಎಲ್ಲೆಯ ಹೊರಗೆ, ಸಂಗಾರೆಡ್ಡಿ ಜಿಲ್ಲೆಯ ಕೊಲ್ಲೂರಿನಲ್ಲಿದೆ. ಸುಮಾರು 145 ಎಕರೆಯಲ್ಲಿ 117 ಬ್ಲಾಕುಗಳಾಗಿ ಎದ್ದಿರುವ 15,660 ಮನೆಗಳ ಈ ಬಡಾವಣೆಯನ್ನು 2023ರ ಜೂನ್ 22ರಂದು ಉದ್ಘಾಟಿಸಲಾಯಿತು.

ಕೇಂದ್ರದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಅಳತೆಗೋಲು ಬೇರೆ. 2015ರ ಜೂನ್ 25ರಂದು ಆರಂಭವಾದ ಅದರ ನಗರ ವಿಭಾಗವು ‘ಕಾರ್ಪೆಟ್ ಏರಿಯಾ’ವನ್ನು, ಅಂದರೆ ಹೊರಗೋಡೆಗಳನ್ನು ಬಿಟ್ಟು ಮನೆಯೊಳಗೆ ನಿಜಕ್ಕೂ ಬಳಸಲು ಸಿಗುವ ನೆಲವನ್ನು, ಲೆಕ್ಕಕ್ಕೆ ತೆಗೆದುಕೊಂಡು, ಆರ್ಥಿಕವಾಗಿ ದುರ್ಬಲ ವರ್ಗದ ಮನೆಗೆ 30 ಚದರ ಮೀಟರನ್ನು, ಎಂದರೆ ಸುಮಾರು 323 ಚದರ ಅಡಿಯನ್ನು ನಿಗದಿಪಡಿಸಿತು. ಒಂದೇ ಸಹಾಯಧನದ ಮನೆಯನ್ನು ಎರಡು ಸರ್ಕಾರಗಳು ಎರಡು ಅಳತೆಗಳಲ್ಲಿ ಹೇಳುವುದರಿಂದ, ಸುದ್ದಿಯಲ್ಲಿ ಬರುವ ಚದರ ಅಡಿಗಳನ್ನು ಹೋಲಿಸುವ ಮೊದಲು ಯಾವ ವಿಸ್ತೀರ್ಣದ ಮಾತು ನಡೆದಿದೆ ಎಂಬುದನ್ನು ಓದುಗರು ಗಮನಿಸಬೇಕಾಗುತ್ತದೆ.

ಫಲಾನುಭವಿಯ ವ್ಯಾಖ್ಯೆ

ಮನೆ ಯಾರಿಗೆ ಎಂಬ ಪ್ರಶ್ನೆಗೆ ತೆಲಂಗಾಣದ ಯೋಜನೆ ಕೊಡುವ ಉತ್ತರವು ಬಡತನ ರೇಖೆಯ ಕೆಳಗಿನ, ಸ್ವಂತ ಪಕ್ಕಾ ಮನೆಯಿಲ್ಲದ, ಆ ರಾಜ್ಯದ ಆಹಾರ ಭದ್ರತಾ ಕಾರ್ಡು ಇರುವ ಕುಟುಂಬ ಎಂಬುದಾಗಿದೆ. ಆಹಾರ ಭದ್ರತಾ ಕಾರ್ಡೆಂದರೆ ಕರ್ನಾಟಕದಲ್ಲಿ ಬಿಪಿಎಲ್ ಪಡಿತರ ಚೀಟಿ ಎಂದು ಕರೆಯುವ ದಾಖಲೆಗೆ ಸಮಾನವಾದದ್ದು. ಕೇಂದ್ರ ಯೋಜನೆಯು ವರಮಾನವನ್ನು ಆಧಾರವಾಗಿಟ್ಟುಕೊಂಡು, ವರ್ಷಕ್ಕೆ 3 ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬವನ್ನು ಆರ್ಥಿಕವಾಗಿ ದುರ್ಬಲ ವರ್ಗವೆಂದು ಗುರುತಿಸುತ್ತದೆ. ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು ಸೇರಿ ‘ಕುಟುಂಬ’. ಆ ಕುಟುಂಬದ ಯಾರ ಹೆಸರಿನಲ್ಲಿಯೂ ಭಾರತದ ಯಾವ ಮೂಲೆಯಲ್ಲಿಯೂ ಪಕ್ಕಾ ಮನೆ ಇರಕೂಡದು.

ಮೇಲುನೋಟಕ್ಕೆ ನ್ಯಾಯವಾಗಿಯೇ ಕಾಣುವ ಈ ಎರಡು ನಿಬಂಧನೆಗಳು ವಲಸೆ ಬಂದ ಕಟ್ಟಡ ಕಾರ್ಮಿಕನ ಮೇಲೆ ಹೇಗೆ ಬೀಳುತ್ತವೆ ಎಂಬುದನ್ನು ನೋಡಬೇಕು. ರಾಯಚೂರಿನ ಹಳ್ಳಿಯೊಂದರ ಗೌಂಡಿಯ ಪಡಿತರ ಚೀಟಿ ಕರ್ನಾಟಕದ್ದು. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಡಿ ಅವನು ಹೈದರಾಬಾದಿನಲ್ಲಿ ಅದನ್ನು ತೋರಿಸಿ ಆಹಾರ ಧಾನ್ಯ ಪಡೆಯಬಹುದಾದರೂ, ಅದೇ ಚೀಟಿಯು ಅವನನ್ನು ತೆಲಂಗಾಣದ ವಸತಿ ಯೋಜನೆಯ ಅರ್ಜಿದಾರನನ್ನಾಗಿ ಮಾಡುವುದಿಲ್ಲ. ಇನ್ನು ಊರಿನಲ್ಲಿ ಹಿಂದೆ ಯಾವುದೋ ಗ್ರಾಮೀಣ ಯೋಜನೆಯಡಿ ಅವನ ಹೆಸರಿಗೆ ಒಂದು ಪಕ್ಕಾ ಮನೆಯಾಗಿದ್ದರೆ ಕೇಂದ್ರ ಯೋಜನೆಯ ಬಾಗಿಲೂ ಮುಚ್ಚುತ್ತದೆ. ವರ್ಷದಲ್ಲಿ ಎಂಟು ಹತ್ತು ತಿಂಗಳು ನಗರದ ತಗಡಿನ ಶೆಡ್ಡಿನಲ್ಲಿ ಕಳೆಯುವವನು ಕಾನೂನಿನ ಕಣ್ಣಿಗೆ ಮನೆಯುಳ್ಳವನು. ಸರ್ಕಾರದ ಸೀಮಿತ ಹಣವು ಮನೆಯಿಲ್ಲದವರಿಗೇ ಮೊದಲು ಸಿಗಬೇಕೆಂಬ ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಮನೆ ಎಲ್ಲಿದೆ, ದುಡಿಮೆ ಎಲ್ಲಿದೆ ಎಂಬ ಎರಡು ಸಂಗತಿಗಳನ್ನು ಈ ವ್ಯಾಖ್ಯೆಯು ಒಟ್ಟಿಗೆ ನೋಡುವುದಿಲ್ಲ.

ಕಟ್ಟಡ ಕಾರ್ಮಿಕನ ವ್ಯಾಖ್ಯೆ

ಇನ್ನೊಂದು ಬದಿಯಲ್ಲಿದ್ದುದು 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆ. ಕೊಲ್ಲೂರಿನಂಥ ಬಡಾವಣೆಗಳೆಲ್ಲ ಈ ಕಾಯ್ದೆಯ ಕಾಲದಲ್ಲಿಯೇ ಎದ್ದವು. ಕಟ್ಟಡ, ರಸ್ತೆ, ಚರಂಡಿ, ನೀರಾವರಿ ಮೊದಲಾದವುಗಳ ನಿರ್ಮಾಣ, ಮಾರ್ಪಾಡು, ದುರಸ್ತಿ, ನಿರ್ವಹಣೆ ಅಥವಾ ಕೆಡಹುವ ಕೆಲಸ, ಇವೆಲ್ಲವೂ ಈ ಕಾಯ್ದೆಯ ಪ್ರಕಾರ ‘ನಿರ್ಮಾಣ ಕಾಮಗಾರಿ’ಯೇ ಆಗಿದ್ದವು. ಇಂಥ ಕಾಮಗಾರಿಯಲ್ಲಿ ಕೂಲಿಗಾಗಿ ಕುಶಲ, ಅರೆಕುಶಲ ಅಥವಾ ಅಕುಶಲ ಕೆಲಸವನ್ನಾಗಲಿ, ತಾಂತ್ರಿಕ ಅಥವಾ ಗುಮಾಸ್ತೆ ಕೆಲಸವನ್ನಾಗಲಿ ಮಾಡುವ ಎಲ್ಲರೂ ‘ಕಟ್ಟಡ ಕಾರ್ಮಿಕ’ರಾಗಿದ್ದರು, ನೇಮಕದ ಕರಾರು ಬರಹದಲ್ಲಿ ಇರಲೇಬೇಕೆಂದಿರಲಿಲ್ಲ. ಗಾರೆ ಕೆಲಸದವರು, ಸೆಂಟ್ರಿಂಗ್‌ನವರು, ಕಬ್ಬಿಣ ಕಟ್ಟುವವರು, ಬಣ್ಣ ಬಳಿಯುವವರು, ತಲೆಯ ಮೇಲೆ ಕಾಂಕ್ರೀಟು ಹೊರುವ ಹೆಂಗಸರು ಎಲ್ಲರೂ ಇದರೊಳಗೆ ಬರುತ್ತಿದ್ದರು. ಕಾರ್ಖಾನೆ ಕಾಯ್ದೆ ಅಥವಾ ಗಣಿ ಕಾಯ್ದೆ ಅನ್ವಯಿಸುವ ಕೆಲಸವನ್ನು ಮಾತ್ರ ಹೊರಗಿಡಲಾಗಿತ್ತು.

ವ್ಯಾಖ್ಯೆಯು ವಿಶಾಲವಾಗಿದ್ದರೂ ಅದರ ಸುತ್ತ ಕೆಲವು ಸಂಖ್ಯೆಗಳ ಬೇಲಿಯಿತ್ತು. ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ದಿನವಾದರೂ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗೆ ಮಾತ್ರ ಕಾಯ್ದೆ ಅನ್ವಯವಾಗುತ್ತಿತ್ತು. ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು 18 ತುಂಬಿರಬೇಕು, 60 ಮೀರಿರಬಾರದು, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣದ ಕೆಲಸ ಮಾಡಿರಬೇಕು. ಮುಂದಿನ ವರ್ಷಗಳಲ್ಲಿ 90 ದಿನದ ಕೆಲಸ ತಪ್ಪಿದರೂ, ವರ್ಷಕಾಲ ವಂತಿಗೆ ಕಟ್ಟದಿದ್ದರೂ ಹಕ್ಕು ಕಳೆದುಹೋಗಬಹುದಿತ್ತು. ಒಬ್ಬನೇ ಗುತ್ತೇದಾರನ ಬಳಿ ತಿಂಗಳುಗಟ್ಟಲೆ ದುಡಿದವನಿಗೆ ಈ 90 ದಿನಗಳ ಪ್ರಮಾಣಪತ್ರ ಸುಲಭ. ಹೈದರಾಬಾದಿನ ‘ಅಡ್ಡಾ’ಗಳಲ್ಲಿ, ಅಂದರೆ ಬೆಳಗಿನ ಹೊತ್ತು ಕೂಲಿಕಾರರು ನಿಂತು ಕೆಲಸ ಹುಡುಕಿಕೊಳ್ಳುವ ಕೂಡುರಸ್ತೆಗಳಲ್ಲಿ, ದಿನಕ್ಕೊಬ್ಬ ಧಣಿಯ ಜೊತೆ ಹೋಗುವವನಿಗೆ ಅದನ್ನು ಸಾಬೀತುಪಡಿಸುವುದೇ ಕಷ್ಟ.

ಮಂಡಳಿಯ ನಿಧಿಗೆ ಹಣ ಬರುತ್ತಿದ್ದುದು 1996ರದೇ ಸೆಸ್ ಕಾಯ್ದೆಯಿಂದ. ನಿರ್ಮಾಣ ವೆಚ್ಚದ ಶೇ. 1ರಿಂದ 2ರವರೆಗೆ ವಿಧಿಸಲು ಅವಕಾಶವಿದ್ದ ಈ ಸೆಸ್ ಶೇ. 1ರ ದರದಲ್ಲಿತ್ತು, ಜಮೀನಿನ ಬೆಲೆ ಇದರ ಲೆಕ್ಕಕ್ಕೆ ಸೇರುತ್ತಿರಲಿಲ್ಲ, ಸರ್ಕಾರಿ ಕಾಮಗಾರಿಯಾದರೆ ಗುತ್ತೇದಾರನ ಬಿಲ್ಲಿನಿಂದಲೇ ಮುರಿದುಕೊಳ್ಳಲಾಗುತ್ತಿತ್ತು. 7.90 ಲಕ್ಷ ರೂಪಾಯಿಯ ಒಂದು ಮನೆಗೆ ಇದು 7,900 ರೂಪಾಯಿ, ಸಾವಿರ ಮನೆಗಳಿಗೆ 79 ಲಕ್ಷ ರೂಪಾಯಿ. ಸೆಸ್ ಎಂಬುದು ತೆರಿಗೆಯಲ್ಲ, ಕಾರ್ಮಿಕರಿಗೆ ಸಲ್ಲಿಸುವ ಸೇವೆಗಾಗಿ ಪಡೆಯುವ ಶುಲ್ಕ ಎಂದು ಸರ್ವೋಚ್ಚ ನ್ಯಾಯಾಲಯವು 2011ರ ದಿವಾನ್ ಚಂದ್ ಬಿಲ್ಡರ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಶುಲ್ಕವೆಂದ ಮೇಲೆ ಆ ಹಣ ಕಾರ್ಮಿಕರಿಗೆ ತಲುಪಲೇಬೇಕು. ಆದರೆ ದೇಶದಾದ್ಯಂತ 37,400 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಗಿ, ಸುಮಾರು 9,500 ಕೋಟಿ ಮಾತ್ರ ಖರ್ಚಾಗಿದೆ ಎಂಬುದನ್ನು ಅದೇ ನ್ಯಾಯಾಲಯವು 2018ರ ಮಾರ್ಚ್ 19ರ ತೀರ್ಪಿನಲ್ಲಿ ಕಟುವಾಗಿ ಎತ್ತಿ ತೋರಿಸಬೇಕಾಯಿತು.

ಹೊಣೆಗಾರ ಯಾರು

ಪಾಲಿಕೆ ಟೆಂಡರು ಕರೆಯುತ್ತದೆ, ದೊಡ್ಡ ಗುತ್ತೇದಾರ ಕಾಮಗಾರಿ ಹಿಡಿಯುತ್ತಾನೆ, ಅವನು ಉಪಗುತ್ತೇದಾರರಿಗೆ ಹಂಚುತ್ತಾನೆ, ಅವರು ಮೇಸ್ತ್ರಿಗಳ ಮೂಲಕ ಆಳುಗಳನ್ನು ತರಿಸುತ್ತಾರೆ. ಪಾಲಮೂರು ಎಂದು ಹೆಸರಾದ ಮಹಬೂಬ್‌ನಗರ ಸೀಮೆಯಲ್ಲಿ ‘ಗುಂಪು ಮೇಸ್ತ್ರಿ’ ಎಂಬಾತನು ಮುಂಗಡ ಕೊಟ್ಟು ಕೂಲಿಕಾರರ ತಂಡವನ್ನೇ ಕರೆದೊಯ್ಯುವ ಪದ್ಧತಿ ಬಹಳ ಹಿಂದಿನದು. ಇಷ್ಟು ಉದ್ದದ ಸರಪಳಿಯಲ್ಲಿ ಕೂಲಿ ಬಾಕಿ ಉಳಿದರೆ ಕೇಳಬೇಕಾದದ್ದು ಯಾರನ್ನು ಎಂಬುದಕ್ಕೆ ಕಾನೂನು ‘ನಿಯೋಜಕ’ ಎಂಬ ಪದದ ಮೂಲಕ ಉತ್ತರಿಸುತ್ತದೆ. 1996ರ ಕಾಯ್ದೆಯಲ್ಲಿ ಗುತ್ತೇದಾರನಿಲ್ಲದೆ ಸ್ಥಳೀಯ ಸಂಸ್ಥೆಯೇ ನೇರವಾಗಿ ಕೆಲಸ ಮಾಡಿಸಿದರೆ ಅದರ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯೇ ನಿಯೋಜಕ; ಗುತ್ತಿಗೆಯ ಕೆಲಸದಲ್ಲಿ ಗುತ್ತೇದಾರ ನಿಯೋಜಕ ಎಂದಿತ್ತು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯು ಇದಕ್ಕೆ ‘ಪ್ರಧಾನ ನಿಯೋಜಕ’ ಎಂಬ ಪರಿಕಲ್ಪನೆಯನ್ನು ಸೇರಿಸಿ, ಗುತ್ತೇದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಅದನ್ನು ಕೊಟ್ಟು ಅವನಿಂದ ವಸೂಲು ಮಾಡಿಕೊಳ್ಳಬೇಕು ಎಂದಿತು.

ಸರ್ಕಾರವು ಗುತ್ತೇದಾರನ ಬೆನ್ನ ಹಿಂದೆ ನಿಲ್ಲಲಾಗದು ಎಂಬುದನ್ನು ನೆಲೆಗೊಳಿಸಿದ್ದು 1982ರ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕುರಿತ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಗೆ ಸಮ ಎಂದೂ, ನಿರ್ಮಾಣವು ಅಪಾಯಕಾರಿ ಉದ್ಯೋಗವಾದ್ದರಿಂದ 14 ವರ್ಷದೊಳಗಿನ ಮಕ್ಕಳನ್ನು ಅದರಲ್ಲಿ ತೊಡಗಿಸಕೂಡದು ಎಂದೂ, ಕಾರ್ಮಿಕ ಕಾನೂನುಗಳು ಪಾಲನೆಯಾಗುವಂತೆ ನೋಡಿಕೊಳ್ಳುವುದು ಕೆಲಸ ಮಾಡಿಸುವ ಸರ್ಕಾರಿ ಸಂಸ್ಥೆಗಳ ಕರ್ತವ್ಯ ಎಂದೂ ಅದು ಸಾರಿತು. ಅಮೆರಿಕದಲ್ಲಿ 1931ರ ಡೇವಿಸ್–ಬೇಕನ್ ಕಾಯ್ದೆಯು ಸರ್ಕಾರಿ ಕಾಮಗಾರಿಗಳಲ್ಲಿ ಆಯಾ ಪ್ರದೇಶದಲ್ಲಿ ರೂಢಿಯಲ್ಲಿರುವ ಕೂಲಿಯನ್ನು ಕೊಡಲೇಬೇಕೆಂದು ವಿಧಿಸಿತು. ಮುಂದೆ ಆ ನಿಯಮವು ಸರ್ಕಾರದ ನೆರವಿನಿಂದ ಕಟ್ಟುವ ಹಲವು ವಸತಿ ಯೋಜನೆಗಳಿಗೂ ವಿಸ್ತರಿಸಿತು. ಸಹಾಯಧನವನ್ನೂ ಕಟ್ಟುವವರ ಕೂಲಿಯನ್ನೂ ಒಂದೇ ಕರಾರಿನಲ್ಲಿ ಜೋಡಿಸಬಹುದು ಎಂಬುದಕ್ಕೆ ಇದು ಹಳೆಯ ನಿದರ್ಶನ.

1996ರ ಕಾಯ್ದೆಯ 34ನೆಯ ಪ್ರಕರಣವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಕಾಮಗಾರಿ ಮುಗಿಯುವವರೆಗೆ ಕಾರ್ಮಿಕರೆಲ್ಲರಿಗೂ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ, ಬೇರೆ ಅಡುಗೆಯ ಜಾಗ, ಬಚ್ಚಲು, ಶೌಚಾಲಯ ಸಹಿತವಾದ ತಾತ್ಕಾಲಿಕ ವಸತಿಯನ್ನು ನಿಯೋಜಕನು ಉಚಿತವಾಗಿ ಒದಗಿಸಬೇಕು ಎಂದು ಅದು ಹೇಳುತ್ತಿತ್ತು. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಇರಬೇಕೆಂಬುದು 35ನೆಯ ಪ್ರಕರಣವಾಗಿತ್ತು. ಬಡವರ ಮನೆಯ ಅಳತೆಯನ್ನು ಚದರ ಅಡಿಗಳಲ್ಲಿ ವಿಧಿಸುವ ವಸತಿ ಆದೇಶಗಳು, ಆ ಮನೆಯನ್ನು ಕಟ್ಟುವವರ ಬಿಡಾರ ಎಷ್ಟು ಅಗಲವಿರಬೇಕು, ಅದರ ವೆಚ್ಚವು ಟೆಂಡರಿನ ಯಾವ ಬಾಬ್ತಿನಲ್ಲಿ ಬರಬೇಕು ಎಂಬುದನ್ನು ಅಷ್ಟೇ ಖಚಿತವಾಗಿ ಹೇಳುವಂತಾದರೆ ಮಾತ್ರ ಇಂಥ ನಿಯಮಕ್ಕೆ ಜೀವ ಬರುತ್ತದೆ.

ಗಡಿಯ ಆಚೀಚೆ

ರಾಯಚೂರು, ಕಲಬುರಗಿ, ಬೀದರ್ ಸೀಮೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗಗಳೇ ಆಗಿದ್ದವು. ಅಲ್ಲಿನವರಿಗೆ ಹೈದರಾಬಾದು ರಾಜಧಾನಿಯಾಗಿತ್ತು. ಗಡಿ ಬದಲಾದರೂ ದುಡಿಮೆಯ ದಾರಿ ಬದಲಾಗಲಿಲ್ಲ. ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಲ್ಲಿ ಕನ್ನಡ ಮಾತನಾಡುವ ಹಳ್ಳಿಗಳಿವೆ. ನದಿ ದಾಟಿದರೆ ರಾಯಚೂರು ತಾಲ್ಲೂಕಿನ ದೇವಸೂಗೂರು. ಎರಡೂ ದಡಗಳ ಇಬ್ಬರು ಗೌಂಡಿಗಳು ಹೈದರಾಬಾದಿನ ಒಂದೇ ಕಟ್ಟಡದಲ್ಲಿ, ಒಂದೇ ಕೂಲಿಗೆ, ಒಂದೇ ಭಾಷೆಯಾಡುತ್ತ ಕೆಲಸ ಮಾಡಿದರೂ, ಒಬ್ಬನು ಸ್ವಂತ ರಾಜ್ಯದ ಕಾರ್ಮಿಕ, ಇನ್ನೊಬ್ಬನು ‘ಅಂತರರಾಜ್ಯ ವಲಸೆ ಕಾರ್ಮಿಕ’. ಮೊದಲನೆಯವನಿಗೆ ತೆಲಂಗಾಣದ ಕಾರ್ಡಿನ ಬಲದಿಂದ ಮನೆಗೆ ಅರ್ಜಿ ಹಾಕುವ ದಾರಿಯಾದರೂ ಇದೆ, ಎರಡನೆಯವನಿಗೆ ಅದಿಲ್ಲ.

ಎರಡನೆಯವನಿಗೆ ಸಿಗಬೇಕಾಗಿದ್ದ ರಕ್ಷಣೆ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯದು. ಆದರೆ ಅದರ ವ್ಯಾಖ್ಯೆಯ ಪ್ರಕಾರ ಗುತ್ತೇದಾರನೊಬ್ಬನು ಒಂದು ರಾಜ್ಯದಲ್ಲಿ ನೇಮಿಸಿಕೊಂಡು ಇನ್ನೊಂದು ರಾಜ್ಯಕ್ಕೆ ಕರೆದೊಯ್ದವನು ಮಾತ್ರ ವಲಸೆ ಕಾರ್ಮಿಕ. ತಾನಾಗಿ ಬಸ್ಸು ಹತ್ತಿ ಬಂದು ಅಡ್ಡಾದಲ್ಲಿ ನಿಂತವನು ಅದರ ಲೆಕ್ಕಕ್ಕೆ ಬರಲಿಲ್ಲ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಈ ಕೊರತೆಯನ್ನು ಗುರುತಿಸಿ, ತಾನಾಗಿ ಬಂದು ಕೆಲಸ ಹಿಡಿದವನನ್ನೂ ವ್ಯಾಖ್ಯೆಯೊಳಗೆ ತಂದಿತು. ಆದರೆ ಮಾಸಿಕ ವೇತನ 18,000 ರೂಪಾಯಿ ಮೀರಬಾರದೆಂಬ ಮಿತಿಯೂ ಅದರೊಂದಿಗೆ ಬಂತು. ದಿನಕ್ಕೆ 700 ರೂಪಾಯಿಯಂತೆ 26 ದಿನ ದುಡಿದರೆ ಕೂಲಿ 18,200 ರೂಪಾಯಿಯಾಗುವುದರಿಂದ, ಕೆಲಸ ಚೆನ್ನಾಗಿ ಸಿಕ್ಕ ತಿಂಗಳು ಕುಶಲ ಕಾರ್ಮಿಕನು ಈ ವ್ಯಾಖ್ಯೆಯಿಂದ ಹೊರಬೀಳುವ ಸಾಧ್ಯತೆ ಇದೆ. ಹಳೆಯ ಕಾಯ್ದೆಯಲ್ಲಿದ್ದ ಸ್ಥಳಾಂತರ ಭತ್ಯೆಯೂ ಹೊಸ ಸಂಹಿತೆಯಲ್ಲಿಲ್ಲ. ಊರಿಗೆ ಹೋಗಿಬರುವ ಪ್ರಯಾಣ ಭತ್ಯೆ ಉಳಿದಿದೆ.

ಸ್ವಂತ ಮನೆಯೆಂಬ ವಿನಾಯಿತಿ

ತೆಲಂಗಾಣದಲ್ಲಿ 2024ರ ಮಾರ್ಚ್‌ನಲ್ಲಿ ಆರಂಭವಾದ ಇಂದಿರಮ್ಮ ವಸತಿ ಯೋಜನೆಯ ದಾರಿ ಬೇರೆ. ಇಲ್ಲಿ ಪಾಲಿಕೆ ಮನೆ ಕಟ್ಟಿಸಿ ಹಂಚುವುದಿಲ್ಲ. ಸ್ವಂತ ನಿವೇಶನವುಳ್ಳ ಬಡ ಕುಟುಂಬವು ಕನಿಷ್ಠ 400 ಚದರ ಅಡಿಯ ಮನೆಯನ್ನು ತಾನೇ ಕಟ್ಟಿಕೊಳ್ಳಲು ಸರ್ಕಾರವು ಹಂತಹಂತವಾಗಿ 5 ಲಕ್ಷ ರೂಪಾಯಿ ಕೊಡುತ್ತದೆ. ಫಲಾನುಭವಿಯ ಕಡೆಯಿಂದ ನೋಡಿದರೆ ತನ್ನ ಮನೆಯನ್ನು ತನ್ನ ಇಚ್ಛೆಯಂತೆ ಕಟ್ಟಿಕೊಳ್ಳುವ ಸ್ವಾತಂತ್ರ್ಯವು ದೊಡ್ಡದೇ. ಕಾರ್ಮಿಕನ ಕಡೆಯಿಂದ ನೋಡಿದರೆ ಚಿತ್ರ ಬದಲಾಗುತ್ತದೆ. ತನ್ನ ವಾಸಕ್ಕಾಗಿ 10 ಲಕ್ಷ ರೂಪಾಯಿ ಮೀರದ ವೆಚ್ಚದಲ್ಲಿ ಮನೆ ಕಟ್ಟುವ ವ್ಯಕ್ತಿಯು 1996ರ ಕಾಯ್ದೆಯ ‘ಸಂಸ್ಥೆ’ ಎಂಬ ವ್ಯಾಖ್ಯೆಗೆ ಸೇರುತ್ತಿರಲಿಲ್ಲ. ಹೀಗಾಗಿ ಸರ್ಕಾರದ ಹಣವೇ ಆದರೂ ಅಲ್ಲಿ ಸೆಸ್ ಇರಲಿಲ್ಲ, ಬಿಡಾರದ ಹೊಣೆಯಿರಲಿಲ್ಲ, ಶಿಶುಪಾಲನಾ ಕೇಂದ್ರವಿರಲಿಲ್ಲ.

2025ರ ನವೆಂಬರ್ 21ರಂದು ಹಳೆಯ ಕಾಯ್ದೆಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಈ ಮಿತಿ 50 ಲಕ್ಷ ರೂಪಾಯಿಗೆ ಏರಿದೆ. ವೆಚ್ಚಗಳು ಏರಿರುವಾಗ ಮಿತಿಯೂ ಏರುವುದು ಸಹಜ. ಬಡ ಫಲಾನುಭವಿಯ ಮೇಲೆ ದೊಡ್ಡ ಗುತ್ತೇದಾರನ ಹೊರೆ ಹಾಕುವುದು ನ್ಯಾಯವೂ ಅಲ್ಲ. ಆದರೆ ಇಲ್ಲಿ ಇನ್ನೊಂದು ಸೂಕ್ಷ್ಮ ಬದಲಾವಣೆ ನಡೆದಿದೆ. ಹಳೆಯ ಕಾಯ್ದೆಯಲ್ಲಿ ವಿನಾಯಿತಿಯು ‘ಸಂಸ್ಥೆ’ಯ ವ್ಯಾಖ್ಯೆಯಲ್ಲಿತ್ತು, ಆ ನಾಲ್ಕರಲ್ಲೊಂದಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅದು ‘ನಿರ್ಮಾಣ ಕಾಮಗಾರಿ’ಯ ವ್ಯಾಖ್ಯೆಯೊಳಗೇ ಬಂದು ಕುಳಿತಿದೆ, ಹತ್ತಕ್ಕಿಂತ ಕಡಿಮೆ ಆಳುಗಳ ಕೆಲಸವೂ ಅದೇ ರೀತಿ ಹೊರಗುಳಿದಿದೆ. ಹಿಂದೆ ಮನೆಯ ಯಜಮಾನನು ನಿಯೋಜಕನಲ್ಲದಿದ್ದರೂ ಗೌಂಡಿ ಮಾಡಿದ್ದು ನಿರ್ಮಾಣದ ಕೆಲಸವೇ ಎಂದು ವಾದಿಸಬಹುದಿತ್ತು. ಈಗ ಅಂಥ ಮನೆಯ ಕೆಲಸವನ್ನೇ ಕಾನೂನು ನಿರ್ಮಾಣ ಕಾಮಗಾರಿಯೆಂದು ಎಣಿಸದಿರುವಾಗ, ಅಲ್ಲಿ ದುಡಿದ ದಿನಗಳು ನೋಂದಣಿಗೆ ಬೇಕಾದ 90 ದಿನಗಳಿಗೆ ಸೇರುತ್ತವೆಯೇ ಎಂಬ ಪ್ರಶ್ನೆ ಏಳುತ್ತದೆ. ಸಣ್ಣ ಮನೆಗಳನ್ನೇ ನೆಚ್ಚಿಕೊಂಡಿರುವ ಅಡ್ಡಾ ಕಾರ್ಮಿಕರ ಪಾಲಿಗೆ ಇದು ಬದುಕಿನ ಪ್ರಶ್ನೆ.

ಜೋಡಿಸಬೇಕಾದ ಎಳೆಗಳು

ಫಲಾನುಭವಿಯನ್ನು ಕಾನೂನು ಒಂದು ಊರಿಗೆ, ಒಂದು ಕಾರ್ಡಿಗೆ ಕಟ್ಟಿಹಾಕಿ ಗುರುತಿಸುತ್ತದೆ. ಕಟ್ಟಡ ಕಾರ್ಮಿಕನನ್ನು ಊರೂರು ಸುತ್ತಿ ಮಾಡಿದ ಕೆಲಸದ ದಿನಗಳಿಂದ ಗುರುತಿಸುತ್ತದೆ. ಹೀಗಾಗಿ ಒಬ್ಬನೇ ಮನುಷ್ಯ ಎರಡೂ ಆಗುವುದು ಅಪರೂಪ. ಇವುಗಳನ್ನು ಹತ್ತಿರ ತರುವ ಕೆಲವು ಹೆಜ್ಜೆಗಳು ಈಗಾಗಲೇ ಆಗಿವೆ. 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಆವಾಸ್ ಯೋಜನೆಯ ಎರಡನೆಯ ಆವೃತ್ತಿಯು ವಿಶೇಷ ಗಮನ ಕೊಡಬೇಕಾದ ಗುಂಪುಗಳಲ್ಲಿ ಕಟ್ಟಡ ಕಾರ್ಮಿಕರನ್ನು ಹೆಸರಿಸಿ, ಸ್ವಂತ ಮನೆ ಬೇಡದ ಅಥವಾ ಕೊಳ್ಳಲಾಗದವರಿಗಾಗಿ ಕೈಗೆಟಕುವ ಬಾಡಿಗೆ ವಸತಿಯನ್ನು ಪ್ರತ್ಯೇಕ ಅಂಗವಾಗಿ ಇಟ್ಟಿದೆ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದ ಕಟ್ಟಡ ಕಾರ್ಮಿಕನಿಗೆ ಕಲ್ಯಾಣ ನಿಧಿಯ ಸೌಲಭ್ಯವು ಹೋದಲ್ಲಿಯೂ ಸಿಗಬೇಕೆಂಬ ತತ್ತ್ವವನ್ನು ಹೊಸ ಸಂಹಿತೆಗಳು ಒಪ್ಪಿಕೊಂಡಿವೆ.

ಉಳಿದಿರುವ ಕೆಲಸ ರಾಜ್ಯಗಳದು. ಕರ್ನಾಟಕ ಮತ್ತು ತೆಲಂಗಾಣದ ಕಲ್ಯಾಣ ಮಂಡಳಿಗಳು ಪರಸ್ಪರರ ನೋಂದಣಿಯನ್ನು ಮಾನ್ಯ ಮಾಡಿ, ಎರಡು ಕಡೆ ದುಡಿದ ದಿನಗಳನ್ನು ಕೂಡಿಸಿ ಎಣಿಸುವ ವ್ಯವಸ್ಥೆ ಮಾಡಬೇಕು. ಸಹಾಯಧನದ ಸಣ್ಣ ಮನೆಗಳಲ್ಲಿ ದುಡಿದ ದಿನಗಳೂ 90ರ ಲೆಕ್ಕಕ್ಕೆ ಸೇರುತ್ತವೆ ಎಂದು ನಿಯಮಗಳಲ್ಲಿ ಸ್ಪಷ್ಟವಾಗಿ ಬರೆಯಬೇಕು. ಹಂತಹಂತದ ಸಹಾಯಧನ ಬಿಡುಗಡೆ ಮಾಡುವಾಗ ಮನೆಯ ಫೋಟೊ ತೆಗೆಯುವ ಅಧಿಕಾರಿಯೇ ಅಲ್ಲಿ ದುಡಿದವರ ಹೆಸರುಗಳನ್ನು ದಾಖಲಿಸಿಕೊಂಡರೆ ಪ್ರಮಾಣಪತ್ರದ ತೊಡಕು ಬಹುಮಟ್ಟಿಗೆ ನೀಗುತ್ತದೆ. ದೊಡ್ಡ ಬಡಾವಣೆಗಳ ಟೆಂಡರಿನಲ್ಲಿ ಕಾರ್ಮಿಕರ ಬಿಡಾರವನ್ನು ಸಿಮೆಂಟು, ಕಬ್ಬಿಣದಂತೆಯೇ ಅಳತೆ ಮತ್ತು ದರ ಸಹಿತ ಪ್ರತ್ಯೇಕ ಬಾಬ್ತಾಗಿ ಸೇರಿಸಿ, ಅದು ಸಿದ್ಧವಾಗುವವರೆಗೆ ಮೊದಲ ಬಿಲ್ಲನ್ನು ತಡೆಹಿಡಿಯಬೇಕು. ಇವು ಯಾವುವೂ ಹೊಸ ಶಾಸನವನ್ನು ಬೇಡುವುದಿಲ್ಲ. ಇರುವ ನಿಯಮಗಳನ್ನೂ ಟೆಂಡರುಗಳನ್ನೂ ಬರೆಯುವವರು ಮನೆ ಪಡೆಯುವವರ ಜೊತೆಗೆ ಮನೆ ಕಟ್ಟುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದರೆ ಸಾಕು. ಬಡವರಿಗೆ ಸೂರು ಒದಗಿಸಲು ಖರ್ಚಾಗುವ ಸಾರ್ವಜನಿಕ ಹಣವು ಅದೇ ಖರ್ಚಿನಲ್ಲಿ ಇನ್ನೊಬ್ಬ ಬಡವನ ದುಡಿಮೆಗೂ ಮರ್ಯಾದೆ ತರಬಲ್ಲದು, ತರಲೇಬೇಕು.